ಆರ್ವಿಸ್ ಟೀಪಲ್ ಗೇಟು ಕಾದ ದಿನ

ಎಲ್ಲಕ್ಕೂ ಕಾರಣ ಒಂದು ತುಂಡು ಸೇಬಿನ ಪೈ.

ಐದು ವರ್ಷದ ಹಿಂದೆ ಗ್ಯಾಸ್ ಕಂಪನಿಯ ಗುತ್ತಿಗೆ ಏಜೆಂಟ್ ಟ್ರೆಂಟ್ ಮೇಬ್ರಿ ಹೆಮ್ಲಾಕ್ ಗುಡ್ಡಕ್ಕೆ ಬಂದಾಗ ಅವನ ಬೂಟುಗಳು ಎಷ್ಟು ಹೊಳೆಯುತ್ತಿದ್ದವೆಂದರೆ, ಆರ್ವಿಸ್ ಟೀಪಲ್‌ನ ಹಸುಗಳು ಅವುಗಳಲ್ಲಿ ತಮ್ಮ ಮುಖ ನೋಡಿಕೊಂಡು ಒಂದು ವಾರ ಬಿಂಕ ಮಾಡಿದವು. ಆರ್ವಿಸ್‌ನ ಹೆಂಡತಿ ವರ್ನಾ ಅಡುಗೆಮನೆಯ ಮೇಜಿನ ಮೇಲೆ ಸೇಬಿನ ಹೂರಣ ತುಂಬಿ ಬೇಯಿಸಿದ ಪೈ ಇಟ್ಟಳು. ಮೇಬ್ರಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಡಾಕ್ಟರಿಗೆ ಫೋನು ಮಾಡುವುದೋ ಪಾದ್ರಿಗೆ ಮಾಡುವುದೋ ಎಂದು ಗಂಡಹೆಂಡತಿ ಮುಖಮುಖ ನೋಡಿಕೊಳ್ಳುತ್ತಿರುವಾಗ ಅವನ ಕಣ್ಣಂಚಿನಿಂದ ಒಂದು ಹನಿ ನೀರು ಇಳಿಯಿತು.

"ಮೇಡಂ, ನಮ್ಮಮ್ಮ ಸತ್ತ ಮೇಲೆ ಇಂಥ ಪೈ ತಿಂದಿರ್ಲಿಲ್ಲ" ಎಂದ.

ಆರ್ವಿಸ್‌ನ ಎದೆ ಹಬ್ಬದ ಟರ್ಕಿ ಕೋಳಿಯ ಹಾಗೆ ಉಬ್ಬಿತು. ಆ ಉಬ್ಬರದಲ್ಲೇ, ಮೇಬ್ರಿ ಮುಂದೆ ಚಾಚಿದ ಒಂಬತ್ತು ಪುಟದ ಕಾಗದಕ್ಕೆ ಸಹಿ ಹಾಕಿದ. ನೂರೆಂಬತ್ತು ಎಕರೆ ಜಮೀನಿನ ಕೆಳಗೆ ಗ್ಯಾಸ್ ಇದ್ದರೆ ಅದನ್ನು ಕೊರೆದು ತೆಗೆಯುವ ಹಕ್ಕು ಐದು ವರ್ಷ ಕಂಪನಿಗೆ. ಎಕರೆಗೆ ಐದು ಡಾಲರ್. ಆ ಹಣದಲ್ಲಿ ವರ್ನಾ ಒಂದು ಹಳೆಯ ಫ್ರೀಜರ್ ಕೊಂಡಳು. ಅದು ಕ್ರಿಸ್‌ಮಸ್‌ವರೆಗೂ ಓಡಿ, ಆಮೇಲೆ ಗೂಡು ಕಟ್ಟಲು ಇಲಿಗಳಿಗೆ ತನ್ನನ್ನು ಬಿಟ್ಟುಕೊಟ್ಟಿತು.

ಎರಡೇ ವರ್ಷದಲ್ಲಿ ಆ ಗುಡ್ಡಗಳ ಕೆಳಗೆ ಗ್ಯಾಸಿನ ಸಮುದ್ರವೇ ಇದೆ ಎಂಬ ಸುದ್ದಿ ಹಬ್ಬಿತು. ಪಕ್ಕದ ಬರ್ಡೆಟ್ ಕೋಲ್‌ಗೆ ಅದೇ ಕಂಪನಿ ಎಕರೆಗೆ ಎರಡೂವರೆ ಸಾವಿರ ಕೊಟ್ಟಿತು. ಬರ್ಡೆಟ್ ಮನೆಗೆ ಹಾಕಿಸಿದ ಹೊಸ ಚಾವಣಿ ಎಷ್ಟು ಕೆಂಪೆಂದರೆ, ನ್ಯೂಯಾರ್ಕಿಗೆ ಹೋಗುವ ವಿಮಾನಗಳು ಅದನ್ನು ನೋಡಿ ಬಲಕ್ಕೆ ತಿರುಗಿಕೊಳ್ಳುತ್ತಿದ್ದವು. ಆರ್ವಿಸ್ ಮಾತ್ರ ಐದು ಡಾಲರಿನ ಗೂಟಕ್ಕೆ ಕಟ್ಟಿದ ಕರುವಿನಂತೆ ನಿಂತಲ್ಲೇ ನಿಂತಿದ್ದ. ಚರ್ಚಿನಲ್ಲಿ, ಮೇವಿನ ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ, ಎಲ್ಲಿ ಕುಳಿತರೂ ಯಾರಾದರೊಬ್ಬರು "ಪೈ ಇದೆಯೇನೋ ಆರ್ವಿಸ್?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಆದರೆ ಇಂದು ಆ ಗುತ್ತಿಗೆಯ ಕೊನೆಯ ದಿನ. ಸಂಜೆ ಆರರೊಳಗೆ ಕಂಪನಿ ಗ್ಯಾಸ್ ಬಾವಿ ಕೊರೆಯಲು ತೊಡಗಿದರೆ ಗುತ್ತಿಗೆ ಮುಂದುವರಿಯುತ್ತದೆ, ಭೂಮಿಯಲ್ಲಿ ಗ್ಯಾಸ್ ಇರುವವರೆಗೂ. ತೊಡಗದಿದ್ದರೆ ಕಾಗದ ರದ್ದಿ. ಆರು ಹೊಡೆದ ಕೂಡಲೇ ಇನ್ನೊಂದು ಕಂಪನಿಯ ಏಜೆಂಟ್ ಮಿಸ್ ಡೂಸೆ, ಬರ್ಡೆಟ್‌ಗೆ ಕೊಟ್ಟ ದರದಲ್ಲೇ ಚೆಕ್ಕು ಹಿಡಿದು ಗೇಟಿಗೆ ಬರುವುದಾಗಿ ಒಪ್ಪಿಕೊಂಡಿದ್ದಳು.

ಆ ದುಡ್ಡಿನಲ್ಲಿ ಆರ್ವಿಸ್‌ಗೆ ಕಾರೂ ಬೇಡ, ಕೆಂಪು ಚಾವಣಿಯೂ ಬೇಡ. ಅವನಿಗೆ ಬೇಕಾಗಿದ್ದುದು ನಿದ್ದೆ. ನಲವತ್ತೆರಡು ಹಸುಗಳನ್ನು ನಲವತ್ತು ವರ್ಷದಿಂದ ಬೆಳಗಿನ ನಾಲ್ಕಕ್ಕೆ ಎದ್ದು ಕರೆದು ಅವನ ಮೊಣಕಾಲುಗಳು ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟುತ್ತಿದ್ದವು. ಹಸುಗಳನ್ನು ಮಾರಿ, ಒಂದೇ ಒಂದು ಬೆಳಗ್ಗೆ ಎಂಟರವರೆಗೆ ಹೊದ್ದು ಮಲಗಬೇಕು. ಎಂಟು ಗಂಟೆ ಎಂಬುದು ಹಾಸಿಗೆಯ ಒಳಗಿನಿಂದ ನೋಡಿದರೆ ಹೇಗೆ ಕಾಣುತ್ತದೋ ಅವನಿಗೆ ಗೊತ್ತೇ ಇರಲಿಲ್ಲ. ವರ್ನಾಗೆ ಸಮುದ್ರ ನೋಡುವ ಆಸೆ. ಅವಳು ಸಮುದ್ರ ನೋಡುವಾಗ ಇವನು ದಡದಲ್ಲಿ ಮಲಗಿರುವುದೆಂದು ಇಬ್ಬರೂ ಒಪ್ಪಂದಕ್ಕೆ ಬಂದಿದ್ದರು.

ಹಾಗಾಗಿ ಆ ಅಕ್ಟೋಬರ್ ಬೆಳಗ್ಗೆ, ಹಾಲು ಕರೆದು ಮುಗಿಸಿದವನೇ, ಒಂದು ಮಡಚುವ ಕುರ್ಚಿ ತಂದು ಗೇಟಿನ ನಡುವೆ ಹಾಕಿ ಕುಳಿತ. ಕಂಪನಿಯ ಒಂದು ನೊಣವೂ ತನ್ನ ನೆಲದ ಮೇಲೆ ಕೂರಕೂಡದು.

ಅಂದು ಕವಿದಿದ್ದ ಮಂಜು ಎಂಥದೆಂದರೆ ಕಾಗೆಗಳು ಹಾರುವುದನ್ನು ಬಿಟ್ಟು ಬೇಲಿ ಹಿಡಿದುಕೊಂಡು ನಡೆದು ಹೋಗುತ್ತಿದ್ದವು. ಗುಡ್ಡವೆಲ್ಲ ಹಾಲಿನಲ್ಲಿ ಅದ್ದಿಟ್ಟ ಬ್ರೆಡ್ಡಿನ ಹಾಗೆ ಮೆತ್ತಗಾಗಿತ್ತು. ಮೇಪಲ್ ಮರಗಳ ಕೆಂಪು ಎಲೆಗಳು ಎಲ್ಲಿಂದಲೋ ತೇಲಿ ಬಂದು ಆರ್ವಿಸ್‌ನ ತೊಡೆಯ ಮೇಲೆ ಕುಳಿತು, ಸ್ವಲ್ಪ ಹೊತ್ತು ಯೋಚಿಸಿ, ಮತ್ತೆ ಎದ್ದು ಹೋಗುತ್ತಿದ್ದವು. ಆ ಬಿಳುಪಿನೊಳಗಿಂದ ಎರಡು ಹಳದಿ ದೀಪಗಳು ಗುರುಗುಟ್ಟುತ್ತ ಬಂದವು.

ಆರ್ವಿಸ್ ಎದ್ದು ಎರಡೂ ತೋಳು ಚಾಚಿ ನಿಂತ. "ನಿಲ್ಲು! ಒಂದು ಇಂಚು ಮುಂದೆ ಬಂದ್ರೆ ನನ್ನ ಹೆಣದ ಮೇಲೆ ಬರ್ಬೇಕು!"

"ಆಯ್ತು ಬಿಡಪ್ಪ" ಎಂದಿತು ಮಂಜಿನೊಳಗಿನ ದನಿ. ಲಾರಿ ಅಷ್ಟೇ ಸದ್ದು ಮಾಡುತ್ತ ಹಿಂದಕ್ಕೆ ಹೋಯಿತು.

ಆರ್ವಿಸ್ ಗೆದ್ದ ಹುರುಪಿನಲ್ಲಿ ಕುಳಿತ. ಹತ್ತು ನಿಮಿಷಕ್ಕೆ ವರ್ನಾ ಮನೆಯೊಳಗಿಂದ ಓಡಿ ಬಂದಳು. "ಆರ್ವಿಸ್! ಹಾಲಿನ ಟ್ಯಾಂಕರ್‌ನೋನು ಫೋನ್ ಮಾಡಿದ್ದ. ಗೇಟಲ್ಲಿ ಯಾವನೋ ಹುಚ್ಚ ನಿಂತಿದ್ದ, ನಾಳೆ ಬರ್ತೀನಿ ಅಂದ. ತೊಟ್ಟಿ ತುಂಬಿ ತುಳುಕ್ತಾ ಇದೆ, ಸಂಜೆ ಹಾಲು ಎಲ್ಲಿಗೆ ಹಾಕ್ತೀಯ? ನಿನ್ನ ಟೋಪೀಗಾ?"

"ನಾಳೆಯಿಂದ ಹಾಲೇ ಇರಲ್ಲ ಬಿಡು. ಸಮುದ್ರ ಇರುತ್ತೆ."

"ಸಮುದ್ರಾನೂ ಮೊದ್ಲು ತೊಟ್ಟೀಲೇ ಹಿಡೀಬೇಕಲ್ಲ" ಎಂದು ಅವಳು ಒಳಗೆ ಹೋದಳು.

ಒಂಬತ್ತಕ್ಕೆ ಹ್ಯಾಟಿ ಸ್ಪ್ರಾಗ್ ಬಂದಳು. ಎಂಬತ್ನಾಲ್ಕು ವರ್ಷದ ಈ ಮೇಡಮ್ಮು ಗುಡ್ಡದ ಒಂದು ಕೋಣೆಯ ಶಾಲೆಯಲ್ಲಿ ಮೂರು ತಲೆಮಾರಿಗೆ ಅಕ್ಷರ ಕಲಿಸಿದವಳು. ಅವಳ ಅಳತೆಪಟ್ಟಿಯ ರುಚಿ ನೋಡದ ಅಂಗೈ ಆ ತಾಲ್ಲೂಕಿನಲ್ಲಿ ಇರಲಿಲ್ಲ. ಐವತ್ತೆಂಟರ ಆರ್ವಿಸ್ ಅವಳನ್ನು ಕಂಡರೆ ಇಂದಿಗೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ.

"ಎದ್ದೇಳು ಹುಡುಗ, ಕುರ್ಚಿ ಬಿಡು" ಎಂದು ಅವಳು ಕುಳಿತಳು. "ಒಂದು ಮಾತು ತಲೇಲಿಟ್ಕೋ. ಕಂಪನಿಯವರು ಇಡೀ ಬಾವಿ ಕೊರೀಬೇಕಾಗಿಲ್ಲ. ಶುರು ಮಾಡಿದ್ರೆ ಸಾಕು. ಕೋರ್ಟಿಗೆ ಹೋದ್ರೆ, ಒಂದು ಗುದ್ದಲಿ ಮಣ್ಣು ಎತ್ತಿದ್ದೂ ಶುರು ಮಾಡಿದ ಹಾಗೇನೇ ಅಂತಾರೆ ಆ ವಕೀಲರು."

"ಒಂದೇ ಗುದ್ದಲೀನಾ ಟೀಚರ್?"

"ಒಂದೇ."

ಆ ಮಾತು ಇನ್ನೂ ಗಾಳಿಯಲ್ಲಿರುವಾಗಲೇ ಹಿತ್ತಲಿನ ಕಡೆಯಿಂದ ಚರಕ್, ಚರಕ್ ಎಂದು ಸದ್ದು. ಆರ್ವಿಸ್‌ನ ಮೊಣಕಾಲುಗಳು ನಲವತ್ತು ವರ್ಷದ ನೋವು ಮರೆತವು. ಅವನು ಓಡಿದ್ದು ಎಷ್ಟು ವೇಗವೆಂದರೆ ಅವನ ನೆರಳು ಬಂದು ಸೇರಲು ಎರಡು ನಿಮಿಷ ಬೇಕಾಯಿತು. ಹಿತ್ತಲಿನಲ್ಲಿ ಒಬ್ಬ ದಪ್ಪ ಮನುಷ್ಯ ಗುದ್ದಲಿ ಎತ್ತಿ ನಿಂತಿದ್ದ. ಆರ್ವಿಸ್ ಗುದ್ದಲಿಯ ಹಿಡಿಗೇ ಜೋತುಬಿದ್ದ.

"ಬಿಡು! ಯಾರು ಕಳಿಸಿದ್ದು ನಿನ್ನ?"

"ನಿನ್ನ ಹೆಂಡ್ತಿ!"

"ಎಷ್ಟು ಕೊಟ್ರು ಅವಳಿಗೆ?"

"ಅಯ್ಯೋ ಪುಣ್ಯಾತ್ಮ, ಪಾಯಿಖಾನೆ ಗುಂಡಿ ಖಾಲಿ ಮಾಡೋನು ನಾನು! ಮಣ್ಣು ಕೆದಕದೆ ಮುಚ್ಚಳ ಎಲ್ಲಿ ಅಂತ ಹುಡುಕ್ಲಿ? ಮೂಸಿ ನೋಡ್ಲಾ?"

"ಇವತ್ತು ಈ ನೆಲದ ಮೇಲೆ ಯಾರೂ ಏನೂ ಅಗಿಯಂಗಿಲ್ಲ. ಕಂಪನಿಯೋರು ಇವನು ನಮ್ಮೋನೇ ಅಂದ್ಬಿಟ್ರೆ? ನಾಳೆ ಬಾ."

ಆ ಮನುಷ್ಯ ತೆಗೆದಿದ್ದ ಮಣ್ಣನ್ನು ಆರ್ವಿಸ್ ಬೊಗಸೆಯಲ್ಲಿ ಎತ್ತಿ ಅದೇ ತೂತಿಗೆ ತುಂಬಿ, ಮೇಲೆ ಹುಲ್ಲು ನೆಟ್ಟು, ತಟ್ಟಿ ಸಮಾಧಾನ ಮಾಡಿದ. ವರ್ನಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು.

"ಹಾಲಿನೋನ್ನ ಓಡಿಸ್ದೆ, ಸುಮ್ಮನಿದ್ದೆ. ಇವನ್ನೂ ಓಡಿಸ್ದೆ. ಈಗ ಮನೇಲಿ ಯಾರಿಗಾದ್ರೂ ಅವಸರ ಆದ್ರೆ?"

"ಆರು ಗಂಟೆ ತನಕ ತಡ್ಕೊಳ್ಳೇ."

"ಮೂವತ್ತೈದು ವರ್ಷ ನಿನ್ನ ತಡ್ಕೊಂಡೋಳಿಗೆ ಇದ್ಯಾವ ಮಹಾ!" ಎಂದು ಕಿಟಕಿ ಎಳೆದುಕೊಂಡಳು. ಅಂದು ಅವಳು ಕೋಟು ಹಾಕಿಕೊಂಡು ಬರ್ಡೆಟ್‌ನ ಮನೆಯತ್ತ ನಾಲ್ಕು ಸಲ ಘನತೆಯಿಂದ ನಡೆದು ಹೋದದ್ದನ್ನು ಇಡೀ ಗುಡ್ಡ ನೋಡಿತು, ಯಾರೂ ಏನೂ ಕೇಳಲಿಲ್ಲ.

ಹನ್ನೊಂದರ ಹೊತ್ತಿಗೆ ಮಂಜು ಕರಗಿ ಜೇನುಬಣ್ಣದ ಬಿಸಿಲು ಬಿತ್ತು. ಆಗ ಸೈರನ್ ಕೂಗುತ್ತ ಅಗ್ನಿಶಾಮಕ ವಾಹನ ಬಂತು. ಬರ್ಡೆಟ್ ಕೋಲ್ ಊರಿನ ಬೆಂಕಿ ಆರಿಸುವ ದಳದ ಮುಖ್ಯಸ್ಥ. ದಳವೆಂದರೆ ಅವನು, ಅವನ ಹೊಟ್ಟೆ, ಮತ್ತು ಕೊನೆಯ ಬೆಂಕಿಯನ್ನು ತಾನೇ ಹೊತ್ತಿಸಿಕೊಂಡ ಆ ಲಾರಿ.

"ಕುರ್ಚಿ ಹಾಕ್ಕೊಂಡು ಕಂಪನೀನ ತಡೀತೀಯೇನೋ ಪೈ ರಾಜ?" ಎಂದು ಬರ್ಡೆಟ್ ಮೇಲಿನಿಂದ ಕೂಗಿದ. "ಸರಿ ಆ ಕಡೆ! ಹದಿನೈದು ಟನ್ ಅಡ್ಡ ಹಾಕ್ತೀನಿ!"

"ಬೇಡ ಕಣೋ, ಅಲ್ಲಿ ನೆಲ ಮೆತ್ತಗಿದೆ..."

ಅಷ್ಟರಲ್ಲಿ ಲಾರಿ ಗೇಟಿಗೆ ಅಡ್ಡವಾಗಿ ನಿಂತಿತ್ತು. ಒಮ್ಮೆ ನಿಟ್ಟುಸಿರು ಬಿಟ್ಟಿತು. ಆಮೇಲೆ ಅಜ್ಜಿಯೊಬ್ಬಳು ಸೋಫಾದಲ್ಲಿ ಕೂರುವ ಹಾಗೆ ನಿಧಾನವಾಗಿ, ಸುಖವಾಗಿ, ಗಾಲಿಗಳ ಅರ್ಧದವರೆಗೂ ಚರಂಡಿಯಲ್ಲಿ ಇಳಿದು ಕುಳಿತಿತು.

"ಇನ್ನು ಇದು ಅಳ್ಳಾಡಲ್ಲ" ಎಂದ ಬರ್ಡೆಟ್, ಮುಖ ಸಣ್ಣಗೆ ಮಾಡಿ.

"ಅಳ್ಳಾಡಿಸ್ಬೇಡ ಮಾರಾಯ, ದಮ್ಮಯ್ಯ! ಅಲ್ಲೇ ಇರ್ಲಿ!" ಆರ್ವಿಸ್ ಅವನನ್ನು ತಬ್ಬಿಕೊಂಡ.

ಸೈರನ್ ಕೇಳಿ ಗುಡ್ಡದವರೆಲ್ಲ ಬಕೆಟ್ಟು ಹಿಡಿದು ಬಂದರು. ಬೆಂಕಿ ಇಲ್ಲವೆಂದು ಬೇಸರಪಟ್ಟರು. ವಿಷಯ ತಿಳಿದ ಮೇಲೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತರು. ಯಾರೋ ಕೋಳಿಸಾರು ಹೊಯ್ದ ಬನ್ನಿನ ಪಾತ್ರೆ ತಂದರು, ಯಾರೋ ಸೇಬಿನ ರಸದ ಜಾಡಿ. ಮಧ್ಯಾಹ್ನದ ಹೊತ್ತಿಗೆ ಗೇಟಿನಲ್ಲಿ ಮದುವೆಯ ಪಂಕ್ತಿ ಕೂತಂತಾಗಿತ್ತು. ಇಂಥ ಊಟವಾದ ಮೇಲೆ ಎರಡು ಪರ್ವತಗಳನ್ನು ಅಡ್ಡ ಇಟ್ಟರೂ ಕಣ್ಣುರೆಪ್ಪೆ ನಿಲ್ಲುವುದಿಲ್ಲ.

"ಮಲಗ್ಬೇಡಿ" ಎಂದಳು ಹ್ಯಾಟಿ ಟೀಚರ್. "ಆ ಗುತ್ತಿಗೆ ಕಾಗದ ಕೊಡು ಹುಡುಗ, ಜೋರಾಗಿ ಓದ್ತೀನಿ. ಶತ್ರು ಏನು ಬರ್ದಿದಾನೆ ಅಂತ ಎಲ್ರಿಗೂ ತಿಳೀಲಿ."

ಓದತೊಡಗಿದಳು. "ಸದರಿ ಜಮೀನಿನ ಮೇಲ್ಮೈಯಲ್ಲಿಯೂ ಒಳಮೈಯಲ್ಲಿಯೂ ಇರಬಹುದಾದ, ಇಲ್ಲದಿರಬಹುದಾದ, ಮುಂದೆ ಇರಬಹುದಾದ ಸಕಲ ಅನಿಲ, ತೈಲ ಹಾಗೂ ಅವುಗಳ ಘಟಕಾಂಶಗಳನ್ನು ಮೇಲ್ಕಂಡ ಗುತ್ತಿಗೆದಾರನು..." ಮೊದಲ ಪುಟಕ್ಕೆ ಬಕೆಟ್ಟಿನ ಮೇಲಿದ್ದವರು ಒರಗಿದರು. ಎರಡನೆಯ ಪುಟಕ್ಕೆ ಬರ್ಡೆಟ್ ಬೆಂಕಿ ಲಾರಿಯ ಗಾಲಿಗೆ ಬೆನ್ನಾನಿಸಿ, ಅದಕ್ಕಿಂತ ದೊಡ್ಡ ಎಂಜಿನ್ ತನ್ನ ಮೂಗಿನಲ್ಲಿದೆ ಎಂದು ತೋರಿಸಿಕೊಟ್ಟ. ಮೂರನೆಯ ಪುಟಕ್ಕೆ ಬೇಲಿಯಾಚೆಯ ಹಸುಗಳು ಒಂದೊಂದಾಗಿ ಮಂಡಿಯೂರಿದವು. ನಾಲ್ಕನೆಯ ಪುಟದ ನಡುವೆ, "ಮೇಲೆ ಹೇಳಿದ" ಎಂಬಲ್ಲಿ, ಟೀಚರ್ ದನಿ ದೀಪ ಸಣ್ಣಗೆ ಮಾಡಿದ ಹಾಗೆ ಕುಗ್ಗುತ್ತ ಬಂದು ಆರಿತು. ಅವಳ ಗಲ್ಲ ಎದೆಯ ಮೇಲೆ ಬಿತ್ತು. ಕಾಗದ ಮಡಿಲಲ್ಲಿ ಉಳಿಯಿತು. ಬರ್ಡೆಟ್‌ನ ಗೊರಕೆ, ಎಲೆಗಳು ಬೀಳುವ ಸದ್ದು ಬಿಟ್ಟರೆ ಗುಡ್ಡದ ಮೇಲೆ ಬೇರೆ ಸದ್ದಿಲ್ಲ.

ಆರ್ವಿಸ್‌ನ ಹಾಸಿಗೆ ಮೆಲ್ಲಗೆ ನೀರಿಗೆ ಇಳಿಯಿತು. ಹೊದಿಕೆಯ ಅಂಚು ಅಲೆಯಾಗಿ ಮಡಚುತ್ತ ಬಿಡಿಸಿಕೊಳ್ಳುತ್ತ ಇತ್ತು. ನಲವತ್ತೆರಡು ಹಸುಗಳು ದಡದಲ್ಲಿ ಸಾಲಾಗಿ ನಿಂತು, ತಮ್ಮ ಹಾಲನ್ನು ತಾವೇ ಕರೆದುಕೊಂಡು, ಶ್ ಶ್ ಎಂದು ಒಂದಕ್ಕೊಂದು ಸನ್ನೆ ಮಾಡುತ್ತಿದ್ದವು. ವರ್ನಾ ನೀರಿನ ಮೇಲೆ ಬರಿಗಾಲಲ್ಲಿ ನಡೆದು ಬಂದು, "ಎಂಟಾಯ್ತು, ಬೇಕಾದ್ರೆ ಇನ್ನೂ ಮಲಕ್ಕೋ" ಎಂದಳು. ಇಷ್ಟು ಸಿಹಿಯಾದ ಮಾತನ್ನು ಅವಳು ಎಚ್ಚರದಲ್ಲಿ ಎಂದೂ ಆಡಿರಲಿಲ್ಲ. ಸಮುದ್ರದಡಿಯಿಂದ ಏನೋ ಗುಡುಗಿತು. ಮತ್ತೆ ಗುಡುಗಿತು. "ಯಜಮಾನ್ರೇ" ಎಂದಿತು.

ಆರ್ವಿಸ್ ಕಣ್ಣು ಬಿಟ್ಟ. ರಸ್ತೆಯ ಮೇಲೆ ಏಳು ಲಾರಿಗಳು ಸಾಲಾಗಿ ನಿಂತಿದ್ದವು. ಮುಂದಿನದರ ಬೆನ್ನ ಮೇಲೆ ಬಾವಿ ಕೊರೆಯುವ ರಿಗ್ಗು ಅಡ್ಡ ಮಲಗಿತ್ತು. ಬಾಗಿಲಲ್ಲಿ ಕಂಪನಿಯ ಹೆಸರು. ಇಳಿದು ಬಂದ ಮೇಸ್ತ್ರಿ ಒಂದು ಕೊಟ್ಟಿಗೆಯಷ್ಟು ಅಗಲ.

ಆರ್ವಿಸ್ ಕಿರುಚಬೇಕೆಂದುಕೊಂಡ. ಹೊರಟಿದ್ದು ಕೋಳಿಮರಿಯ ದನಿ. "ಇಲ್ಲ! ನನ್ನ ನೆಲ ಇದು! ಕಾಲಿಟ್ರೆ ಕೋರ್ಟು!"

"ನಿಮ್ಮ ನೆಲ ಯಾರಿಗೆ ಬೇಕು ಯಜಮಾನ್ರೇ" ಎಂದ ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ. "ಬರ್ಡೆಟ್ ಕೋಲ್ ಅನ್ನೋರ ಹಿಂದಿನ ಹೊಲಕ್ಕೆ ಹೋಗ್ಬೇಕು. ಬೆಳಗ್ಗೆ ಆರರಿಂದ ಸುತ್ತಾಡ್ತಾ ಇದೀವಿ. ಮಂಜಲ್ಲಿ ಒಂದು ಸಲ ಪಕ್ಕದ ನ್ಯೂಯಾರ್ಕ್ ರಾಜ್ಯಕ್ಕೇ ಹೋಗಿ ಬಂದ್ವಿ. ಮ್ಯಾಪಲ್ಲಿರೋ ರಸ್ತೇಲಿ ಸೇತುವೆ ಮುರ್ದಿದೆ. ಇನ್ನು ಸಾಕು, ಇಲ್ಲೇ ನಿಲ್ಸಿ ನಾಳೆ ನೋಡೋಣ ಅಂತಿದಾರೆ ನಮ್ಮ ಹುಡುಗ್ರು."

ಇಲ್ಲೇ ನಿಲ್ಲಿಸುವುದು! ತನ್ನ ಗೇಟಿನ ಮುಂದೆ, ಕೊನೆಯ ಮೂರು ಗಂಟೆ, ಏಳು ಲಾರಿ, ಒಂದು ರಿಗ್ಗು! ಅಗ್ನಿಶಾಮಕ ಲಾರಿಯ ಪಕ್ಕದಲ್ಲಿ ನುಸುಳಿ ಒಬ್ಬನೇ ಒಬ್ಬ ಒಂದು ಗುದ್ದಲಿ ಹಾಕಿದರೂ ಮುಗಿಯಿತು. ಇವರನ್ನು ಇಲ್ಲಿಂದ ದೂರ ಸಾಗಿಸಬೇಕು, ಈಗಲೇ. ಜೊತೆಗೆ ಹೆಮ್ಲಾಕ್ ಗುಡ್ಡದಲ್ಲಿ ಹುಟ್ಟಿದ ಯಾವ ಮನುಷ್ಯನೂ ದಾರಿ ಕೇಳಿದವರಿಗೆ ದಾರಿ ಹೇಳದೆ ಇರಲಾರ. ಅಲ್ಲಿ ಹೆಣವೂ ಎದ್ದು ಕುಳಿತು ತಿರುವು ಹೇಳಿ ಮತ್ತೆ ಮಲಗುತ್ತದೆ.

"ಸೇತುವೆ ಬೇಡ" ಎಂದ ಆರ್ವಿಸ್ ಉತ್ಸಾಹದಿಂದ. "ಹಿಂದಕ್ಕೆ ಹೋಗಿ. ಎಪ್ಪತ್ತೆರಡ್ರಲ್ಲಿ ಸುಟ್ಟುಹೋದ ಕೊಟ್ಟಿಗೆ ಇತ್ತಲ್ಲ, ಅಲ್ಲಿ ಎಡಕ್ಕೆ."

"ಸುಟ್ಟುಹೋದ ಕೊಟ್ಟಿಗೆ ಕಾಣುತ್ತಾ?"

"ಸುಟ್ಟುಹೋದ ಮೇಲೆ ಹೆಂಗ್ರೀ ಕಾಣುತ್ತೆ! ಅಲ್ಲಿಂದ ಮುಂದೆ, ಮೊದ್ಲೆಲ್ಲ ಒಂದು ಕುಂಟ ಕುದುರೆ ನಿಂತಿರ್ತಿತ್ತು, ಅಲ್ಲಿ ಬಲಕ್ಕೆ."

ಮೇಸ್ತ್ರಿ ಅಳುವ ಹಾಗಾದ. "ಯಜಮಾನ್ರೇ, ನಾವು ಇಲ್ಲೇ ಇರ್ತೀವಿ ಬಿಡಿ."

"ಅಯ್ಯೋ ಬೇಡ ಬೇಡ! ನಾನೇ ಬರ್ತೀನಿ!" ಎಂದವನೇ ಆರ್ವಿಸ್ ಮುಂದಿನ ಲಾರಿಗೆ ಹತ್ತಿ ಕುಳಿತ.

ಆಮೇಲೆ ನಡೆದದ್ದನ್ನು ಗುಡ್ಡದಲ್ಲಿ ಕಂಡವರಿಲ್ಲ, ಎಲ್ಲರೂ ನಿದ್ದೆಯಲ್ಲಿದ್ದರು. ಆರ್ವಿಸ್ ಅವರನ್ನು ಹಳೆಯ ನೀಲಿಕಲ್ಲಿನ ಗಣಿಯ ದಾರಿಯಲ್ಲಿ ಕರೆದೊಯ್ದ. ಅದು ಅವನಿಗೆ, ಅವನ ತಾತನಿಗೆ ಮತ್ತು ಎರಡು ಜಿಂಕೆಗಳಿಗೆ ಮಾತ್ರ ಗೊತ್ತಿದ್ದ ದಾರಿ. ಅಡ್ಡ ಕಟ್ಟಿದ್ದ ಸರಪಳಿ ಬಿಚ್ಚಿದ. ನಾಲ್ಕನೆಯ ಲಾರಿ ಕೆಸರಿನಲ್ಲಿ ಹೂತಾಗ ಇಳಿದು, ತನ್ನ ಕೈಯಾರೆ ಚಪ್ಪಡಿ ಕಲ್ಲು ಹೊತ್ತು ಗಾಲಿಯಡಿಗೆ ಹಾಸಿದ. ಅವನು ಅಂದು ಹೊತ್ತ ಕಲ್ಲು ಇಳಿಸಿ ಅಳೆದರೆ ಎರಡು ಚರ್ಚು ಕಟ್ಟಬಹುದಿತ್ತು. ಅಡ್ಡ ಬಂದ ಕೊಂಬೆಗಳನ್ನು ಕಡಿದ. "ಬನ್ನಿ, ಬನ್ನಿ, ಇನ್ನೂ ಬನ್ನಿ, ಸಾಕು" ಎಂದು ರಿಗ್ಗನ್ನು ಬರ್ಡೆಟ್‌ನ ಹೊಲದ ನಟ್ಟನಡುವೆ ಹಿಮ್ಮುಖವಾಗಿ ನಿಲ್ಲಿಸಿಕೊಟ್ಟು, ತನ್ನ ಬೇಲಿಯಿಂದ ಇಲ್ಲಿಗೆ ಎಷ್ಟು ದೂರವೆಂದು ಹೆಜ್ಜೆ ಹಾಕಿ ಎಣಿಸಿದ. ಅರ್ಧ ಮೈಲಿಗೆ ಒಂದು ಹೆಜ್ಜೆಯೂ ಕಮ್ಮಿ ಇರಲಿಲ್ಲ.

ಅವನು ನಡೆದು ಗೇಟಿಗೆ ಮರಳಿದಾಗ ಐದು ಗಂಟೆ. ಎಲ್ಲರೂ ಎದ್ದು ಕಣ್ಣುಜ್ಜಿಕೊಳ್ಳುತ್ತಿದ್ದರು. ಮೈಯೆಲ್ಲ ಕೆಸರಾದ ಆರ್ವಿಸ್ ನಡೆದದ್ದನ್ನು ಹೇಳಿದ. ಲಾರಿ ಏಳಿದ್ದು ಹದಿನೇಳಾಯಿತು, ಕೆಸರು ಕಣಿವೆಯಾಯಿತು.

"ನನ್ನ ಹೊಲದಲ್ಲಿ ಬಾವೀನಾ? ಇವತ್ತಾ?" ಬರ್ಡೆಟ್ ಕುಣಿದಾಡಿದ. "ಇನ್ನೆರಡು ವರ್ಷ ಆಗುತ್ತೆ ಅಂದಿದ್ರಲ್ಲೋ!"

"ನಿನ್ನ ಹೊಟ್ಟೆ ತಂಪಾಗಿರ್ಲಿ" ಎಂದ ಆರ್ವಿಸ್ ದೊಡ್ಡ ಮನಸ್ಸಿನಿಂದ. "ನಿಂದು ನಿನಗೆ. ನಂದು ನನಗೆ."

ಐದೂವರೆಗೆ ಗುಡ್ಡದ ಆ ಬದಿಯಿಂದ ದೂರದ ಗುಂಯ್ ಎಂಬ ಸದ್ದು ಕೇಳತೊಡಗಿತು. ಯಾರೋ ದೈತ್ಯ ಭೂಮಿಯ ಕಿವಿಯಲ್ಲಿ ಜೋಗುಳ ಹಾಡಿದಂತಿತ್ತು. ಆರ್ವಿಸ್ ಮುಗುಳ್ನಕ್ಕು ತಲೆದೂಗಿದ. ಆರಕ್ಕೆ ಹತ್ತು ನಿಮಿಷ ಇರುವಾಗ ಮಿಸ್ ಡೂಸೆಯ ಕಾರು ಬಂತು. ಅವಳು ಕಾರಿನ ಮೂಗಿನ ಮೇಲೆ ಹೊಸ ಕಾಗದ ಹರಡಿ, ಚೆಕ್ಕನ್ನು ಗಾಳಿಗೆ ಹಾರದಂತೆ ಬೆರಳಲ್ಲಿ ಒತ್ತಿ ಹಿಡಿದು, ಪೆನ್ನಿನ ಮುಚ್ಚಳ ತೆಗೆದಳು. ವರ್ನಾ ಹೊಸ ಕೋಟು ಹಾಕಿಕೊಂಡು ಬಂದು ನಿಂತಳು. ಹ್ಯಾಟಿ ಟೀಚರ್ ಕೈಗಡಿಯಾರ ನೋಡಿ ಜೋರಾಗಿ ಎಣಿಸಿದಳು.

"ಮೂರು. ಎರಡು. ಒಂದು. ಆರು!"

ಬರ್ಡೆಟ್ ಸೈರನ್ ಒತ್ತಿದ. ಟೋಪಿಗಳು ಹಾರಿದವು. ಎಪ್ಪತ್ತು ವರ್ಷದ ಮುದುಕರು ಪರಸ್ಪರ ಮುತ್ತಿಟ್ಟುಕೊಂಡರು, ಆಮೇಲೆ ನಾಚಿಕೊಂಡರು. ವರ್ನಾ ಆರ್ವಿಸ್‌ನ ಕೆಸರು ಮುಖಕ್ಕೇ ಮುತ್ತಿಟ್ಟಳು. ಅವನು ಪೆನ್ನು ಹಿಡಿದ. "ಆ" ಎಂದು ಬರೆದ.

ಆಗ ಇನ್ನೊಂದು ಕಾರು ಬಂದು ನಿಂತಿತು. ಇಳಿದ ಬೂಟುಗಳನ್ನು ಮೊದಲು ಹಸುಗಳು ಗುರುತಿಸಿದವು.

"ಅಭಿನಂದನೆ ಟೀಪಲ್ ಅವ್ರೇ!" ಟ್ರೆಂಟ್ ಮೇಬ್ರಿ ಎರಡೂ ಕೈ ಚಾಚಿ ಬಂದ. "ನಿಮ್ಮ ಬಾವಿ ಶುರುವಾಯ್ತು! ಐದು ಇಪ್ಪತ್ತೆಂಟಕ್ಕೆ!"

"ನನ್ನ ಬಾವಿ ಅಲ್ಲಪ್ಪ ಅದು" ಆರ್ವಿಸ್ ನಕ್ಕ. "ಬರ್ಡೆಟ್‌ದು. ನಾನೇ ಹೆಜ್ಜೆ ಹಾಕಿ ನೋಡಿದೀನಿ. ಅರ್ಧ ಮೈಲಿ ಆಚೆ."

"ಮೇಲುಗಡೆ ಅರ್ಧ ಮೈಲಿ ಆಚೆ. ಕೆಳಗೆ ಇಲ್ಲೇ." ಮೇಬ್ರಿ ಆರ್ವಿಸ್ ನಿಂತಿದ್ದ ಜಾಗವನ್ನು ಬೂಟಿನ ತುದಿಯಿಂದ ಮೆಲ್ಲಗೆ ತಟ್ಟಿದ. "ಈಗಿನ ಬಾವಿ ನೆಟ್ಟಗಿರಲ್ಲ ನೋಡಿ. ಒಂದು ಮೈಲಿ ಕೆಳಗೆ ಇಳಿದು, ಮೊಣಕೈ ಮಡಚಿದ ಹಾಗೆ ತಿರುಗಿ, ಅಡ್ಡಡ್ಡ ಹೋಗುತ್ತೆ. ಹೋಗೋದು ನಿಮ್ಮ ಹೊಲದ ಅಡಿಗೆ. ಅದಕ್ಕೇ ನಿಮ್ಮದೂ ಕೋಲ್ ಅವರದೂ ಸೇರ್ಸಿ ಒಂದೇ ತುಂಡು ಅಂತ ಹೋದ ತಿಂಗಳೇ ಕೋರ್ಟಲ್ಲಿ ಬರೆಸಿದೀವಿ. ತುಂಡಿನೊಳಗೆ ಎಲ್ಲಿ ಕೊರೆದರೂ ಎಲ್ಲರ ಜಮೀನಲ್ಲೂ ಕೊರೆದ ಹಾಗೇನೇ. ನೀವೇ ಸಹಿ ಹಾಕಿದೀರಲ್ಲ, ಐದನೇ ಪುಟ."

ಎಲ್ಲರೂ ಹ್ಯಾಟಿ ಟೀಚರ್ ಕಡೆ ತಿರುಗಿದರು. ಅವಳು ಮಡಿಲಿನ ಕಾಗದ ಎತ್ತಿ, ಕನ್ನಡಕ ಸರಿಮಾಡಿ, ನಾಲ್ಕನೆಯ ಪುಟ ಮಗುಚಿ, ತುಂಬ ಹೊತ್ತು ಓದಿದಳು. ಜೀವನದಲ್ಲಿ ಮೊದಲ ಬಾರಿಗೆ ಅವಳು ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಆರ್ವಿಸ್, ನನಗೆ ಗೊತ್ತಿರ್ಲಿಲ್ಲ ಕಣೋ" ಎಂದ ಬರ್ಡೆಟ್. "ದೇವ್ರಾಣೆ."

ವರ್ನಾ ಮಾತ್ರ ಇನ್ನೂ ಸಮುದ್ರವನ್ನು ಬಿಟ್ಟಿರಲಿಲ್ಲ. "ಗ್ಯಾಸ್ ಬಂದ್ರೆ ನಮಗೂ ಪಾಲು ಬರುತ್ತಲ್ಲ?"

"ಬರ್ದೇ ಇರುತ್ತಾ ಮೇಡಂ! ಆದ್ರೆ ಗ್ಯಾಸ್ ಸಾಗಿಸೋ ಪೈಪು ಇನ್ನೂ ಈ ಗುಡ್ಡಕ್ಕೆ ಬಂದಿಲ್ಲ. ಕೊರೆದು ಮುಚ್ಚಳ ಹಾಕಿಡ್ತೀವಿ. ಆರು ವರ್ಷವೋ, ಎಂಟೋ."

"ಅಲ್ಲೀತನಕ?"

"ಅಲ್ಲೀತನಕ ವರ್ಷಕ್ಕೆ ಎಕರೆಗೆ ಒಂದು ಡಾಲರ್. ಏಳನೇ ಪುಟ."

ಬೇಲಿಯಾಚೆಯಿಂದ ನಲವತ್ತೆರಡು ಹಸುಗಳು ಒಟ್ಟಿಗೆ ಕೂಗಿದವು. ಕರೆಯುವ ಹೊತ್ತು ಮೀರಿ ಒಂದು ಗಂಟೆಯಾಗಿತ್ತು.

"ಅಂದಹಾಗೆ" ಎಂದ ಮೇಬ್ರಿ, "ನಮ್ಮ ಮೇಸ್ತ್ರಿ ಒಬ್ಬ ಮುದುಕನ ವಿಷಯ ಹೇಳ್ತಿದ್ದ. ಅವನು ಲಾರಿ ಹತ್ತಿ ದಾರಿ ತೋರಿಸದೇ ಇದ್ದಿದ್ರೆ ನಾಳೆ ಬೆಳಗ್ಗೆ ತನಕ ಹೊಲ ಮುಟ್ತಿರ್ಲಿಲ್ವಂತೆ. ಕಲ್ಲು ಬೇರೆ ಹೊತ್ತನಂತೆ, ಪಾಪ! ಕಂಪನಿಯಿಂದ ಅವನಿಗೊಂದು ಜಾಕೆಟ್ ಕೊಡೋಣ ಅಂತ. ಯಾರು ಅಂತ ಗೊತ್ತಾ ನಿಮಗೆ?"

ಯಾರೂ ಆರ್ವಿಸ್‌ನ ಕೆಸರಾದ ಪ್ಯಾಂಟಿನ ಕಡೆ ನೋಡಲಿಲ್ಲ. ಕೆಲವರು ಆಕಾಶ ನೋಡಿದರು. ಕೆಲವರು ತಮ್ಮ ಬಕೆಟ್ಟುಗಳಲ್ಲಿ ಏನೋ ಕಳೆದುಕೊಂಡಂತೆ ಹುಡುಕಿದರು. ವರ್ನಾ ಹೊಸ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, "ನಾನು ಕೊಟ್ಟಿಗೆಗೆ ಹೋಗ್ತೀನಿ, ನೀನು ಬಾ" ಎಂದು ಗಂಡನಿಗೆ ಹೇಳಿ ಹೊರಟಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಆರ್ವಿಸ್‌ಗೆ ಹೆಚ್ಚು ಭಯವಾಯಿತು.

ಮಿಸ್ ಡೂಸೆ ಆರ್ವಿಸ್‌ನ ಕೈಯಿಂದ ಪೆನ್ನನ್ನು ಮೃದುವಾಗಿ ಬಿಡಿಸಿಕೊಂಡು ಮುಚ್ಚಳ ಹಾಕಿದಳು. "ಆ" ಎಂದಿದ್ದ ಕಾಗದವನ್ನು ನಾಲ್ಕಾಗಿ ಮಡಚಿದಳು. ಕಾರಿನಲ್ಲಿ ಕುಳಿತು, ಹೊರಡುವ ಮುನ್ನ ಗಾಜು ಇಳಿಸಿ ಕತ್ತು ಹೊರಹಾಕಿದಳು. ಗುಡ್ಡದ ಮೇಲೆ ಮತ್ತೆ ಮಂಜು ಇಳಿಯುತ್ತಿತ್ತು.

"ಕ್ಷಮಿಸಿ, ಇಲ್ಲಿಂದ ಹೆದ್ದಾರಿಗೆ ಹೆಂಗೆ ಹೋಗ್ಬೇಕು?"

ಅದೇ ಗುಡ್ಡದಲ್ಲಿ ಹುಟ್ಟಿ, ಅದೇ ಗುಡ್ಡದಲ್ಲಿ ಐವತ್ತೆಂಟು ವರ್ಷ ಬದುಕಿ, ಅಲ್ಲಿನ ಒಂದೊಂದು ಕಲ್ಲಿಗೂ ಹೆಸರಿಟ್ಟಿದ್ದ ಆರ್ವಿಸ್ ಟೀಪಲ್ ಅವಳನ್ನು ನೋಡಿದ. ರಸ್ತೆಯ ಎರಡೂ ಬದಿ ನೋಡಿದ.

"ಗೊತ್ತಿಲ್ಲಮ್ಮ" ಎಂದ. "ನಾನು ಈ ಕಡೆಯೋನಲ್ಲ."